ಎರಡು ಗಣಕಯಂತ್ರಗಳಿಗೆ ಒಂದೇ ಮಾನಿಟರ್: ಖರೀದಿಗೆ ಮುನ್ನ ತಿಳಿಯಬೇಕಾದ ಅಂಶಗಳು

ಸಣ್ಣ ವ್ಯಾಪಾರಿ ಸಂಸ್ಥೆಗಳ ಹಾಗೂ ಸಣ್ಣ ಕೈಗಾರಿಕಾ ಘಟಕಗಳ ಕಚೇರಿಗಳಲ್ಲಿ ಇಂದು ಒಂದೇ ಮೇಜಿನ ಮೇಲೆ ಎರಡು ಗಣಕಯಂತ್ರಗಳಿರುವುದು ಸಾಮಾನ್ಯವಾಗಿದೆ. ಒಂದು, ಲೆಕ್ಕಪತ್ರಗಳಿಗೂ ಜಿ.ಎಸ್.ಟಿ. ನಮೂನೆಗಳಿಗೂ ಮೀಸಲಾದ ಡೆಸ್ಕ್‌ಟಾಪ್. ಇನ್ನೊಂದು, ಮಾಲೀಕರು ಮನೆಗೂ ಕಚೇರಿಗೂ ಒಯ್ಯುವ ಲ್ಯಾಪ್‌ಟಾಪ್, ಅಥವಾ ಯಂತ್ರಭಾಗಗಳ ನಕ್ಷೆ ಸಿದ್ಧಪಡಿಸುವ ಕಂಪ್ಯೂಟರ್. ಇವೆರಡಕ್ಕೂ ಹೊಂದುವ ಒಂದೇ ಉತ್ತಮ ಮಾನಿಟರನ್ನು ಕೊಂಡರೆ ಸ್ಥಳವೂ ಹಣವೂ ಉಳಿಯುತ್ತದೆ ಎಂಬ ಆಲೋಚನೆ ಸರಿಯಾದದ್ದೇ. ಆದರೆ ಅಂಗಡಿಯಲ್ಲಿ ಬೆರಗುಗೊಳಿಸಿದ ಪರದೆಯು ಕಚೇರಿಗೆ ಬಂದ ಮೇಲೆ ಒಂದು ಯಂತ್ರಕ್ಕೆ ಹೊಂದಿ ಮತ್ತೊಂದಕ್ಕೆ ಹೊಂದದಿರುವ ಪ್ರಸಂಗಗಳು ಕಡಿಮೆಯಲ್ಲ. ಮೊದಲು ತಿಳಿಯಬೇಕಾದುದು ಮಾನಿಟರಿನ ಗುಣವನ್ನಲ್ಲ, ನಮ್ಮಲ್ಲಿರುವ ಎರಡು ಯಂತ್ರಗಳ ಸಾಮರ್ಥ್ಯವನ್ನು ಎಂಬುದೇ ಪ್ರಸ್ತುತ ಲೇಖನದ ಸಾರಾಂಶ.

ಸ್ಪಷ್ಟತೆಯ ಲೆಕ್ಕ

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಸೂಕ್ಷ್ಮ ಬಿಂದುಗಳಿಂದ ಉಂಟಾಗುತ್ತದೆ. ಬಳಕೆಯಲ್ಲಿರುವ ಮುಖ್ಯ ಪ್ರಮಾಣಗಳು ಮೂರು.

1. ಫುಲ್ ಎಚ್‌ಡಿ: 1920 × 1080, ಅಂದರೆ 20,73,600 ಬಿಂದುಗಳು.
2. ಕ್ಯೂಎಚ್‌ಡಿ: 2560 × 1440, ಅಂದರೆ 36,86,400 ಬಿಂದುಗಳು.
3. 4ಕೆ: 3840 × 2160, ಅಂದರೆ 82,94,400 ಬಿಂದುಗಳು. ಇದು ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು.

ಬಿಂದುಗಳು ಹೆಚ್ಚಿದಷ್ಟೂ ಒಳ್ಳೆಯದು ಎಂದು ತೀರ್ಮಾನಿಸಲಾಗದು. ಪರದೆಯ ಅಳತೆಯನ್ನೂ ಗಣಿಸಬೇಕು. 24 ಅಂಗುಲದ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಅಂಗುಲಕ್ಕೆ ಸುಮಾರು 92 ಬಿಂದುಗಳು, 27 ಅಂಗುಲದ ಕ್ಯೂಎಚ್‌ಡಿಯಲ್ಲಿ ಸುಮಾರು 109, ಅದೇ ಅಳತೆಯ 4ಕೆ ಪರದೆಯಲ್ಲಿ ಸುಮಾರು 163 ಬಿಂದುಗಳಿರುತ್ತವೆ. ಈ ಕೊನೆಯದರಲ್ಲಿ ಅಕ್ಷರಗಳು ಬಹಳ ಚಿಕ್ಕದಾಗಿ ಕಾಣುವುದರಿಂದ ವಿಂಡೋಸ್‌ನಲ್ಲಿ ಅವುಗಳನ್ನು ಶೇ. 150ಕ್ಕೆ ಹಿಗ್ಗಿಸಬೇಕಾಗುತ್ತದೆ. ಹಾಗೆ ಹಿಗ್ಗಿಸಿದಾಗ ಪರದೆಯಲ್ಲಿ ಹಿಡಿಯುವ ಸಾಲುಗಳೂ ಅಂಕಣಗಳೂ ಕ್ಯೂಎಚ್‌ಡಿಯಲ್ಲಿ ಹಿಡಿಯುವಷ್ಟೇ! ಅಕ್ಷರಗಳು ಮಾತ್ರ ಇನ್ನಷ್ಟು ಸ್ಫುಟವಾಗಿ ಕಾಣುತ್ತವೆ.

ಇದರಿಂದ ಹೊರಡುವ ತಾತ್ಪರ್ಯ ಸರಳವಾದದ್ದು. ಖರೀದಿ ಪುಸ್ತಕವನ್ನೂ ಜಿ.ಎಸ್.ಟಿ.ಆರ್.-2ಬಿ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ತಾಳೆ ನೋಡುವವರಿಗೆ 27 ಅಂಗುಲದ ಕ್ಯೂಎಚ್‌ಡಿ ಪರದೆ ಸಾಕು. ಅದರ ಅಗಲ ಫುಲ್ ಎಚ್‌ಡಿಗಿಂತ ಮೂರನೆಯ ಒಂದು ಪಾಲು ಹೆಚ್ಚು. ನಕ್ಷೆಗಳಲ್ಲಿ ಸೂಕ್ಷ್ಮ ಗೆರೆಗಳನ್ನು ದಿನವಿಡೀ ನೋಡುವವರಿಗೆ 32 ಅಂಗುಲದ 4ಕೆ ಪರದೆಯ ಹೆಚ್ಚುವರಿ ಬೆಲೆ ಸಾರ್ಥಕವಾಗುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹಳೆಯ ಕಾಲದಲ್ಲಿ ಬರೆಸಿದ ಬಿಲ್ಲಿಂಗ್ ಅಥವಾ ದಾಸ್ತಾನು ತಂತ್ರಾಂಶಗಳು ಹೀಗೆ ಹಿಗ್ಗಿಸಿದಾಗ ಮಸುಕಾಗಿ ಕಾಣಬಹುದು. ಅಂತಹ ತಂತ್ರಾಂಶದ ಮೇಲೆ ಅವಲಂಬಿತರಾದವರು ಅದನ್ನು ಪರೀಕ್ಷಿಸದೆ 4ಕೆ ಕೊಳ್ಳುವುದು ವಿವೇಕವಲ್ಲ.

ಕಿರಿದಾದ ತೂಬು

ಕೆರೆ ಎಷ್ಟೇ ದೊಡ್ಡದಿದ್ದರೂ ತೂಬು ಬಿಟ್ಟಷ್ಟೇ ನೀರು ಗದ್ದೆಗೆ ಹರಿಯುತ್ತದೆ. ಮಾನಿಟರಿನ ವಿಷಯದಲ್ಲಿಯೂ ಹಾಗೆಯೇ. ಗಣಕಯಂತ್ರದ ಹೊರದ್ವಾರ, ನಡುವಿನ ಕೇಬಲ್, ಮಾನಿಟರಿನ ಒಳದ್ವಾರ, ಇವುಗಳಲ್ಲಿ ಅತ್ಯಂತ ದುರ್ಬಲವಾದುದು ಯಾವುದೋ ಅದರ ಮಟ್ಟದ ಚಿತ್ರವೇ ನಮಗೆ ದೊರೆಯುವುದು.

1987ರಲ್ಲಿ ಬಂದ ವಿಜಿಎ ಸಂಪರ್ಕವು ಇಂದಿಗೂ ಅನೇಕ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿದೆ. ಹೆಚ್ಚಿನ ಸ್ಪಷ್ಟತೆಯ ಪರದೆಗೆ ಅದು ತಕ್ಕುದಲ್ಲ. 2009ರ ಎಚ್‌ಡಿಎಂಐ 1.4 ದ್ವಾರದಿಂದ 4ಕೆ ಚಿತ್ರ ಬರುತ್ತದೆಯಾದರೂ ಸೆಕೆಂಡಿಗೆ 30 ಬಾರಿ ಮಾತ್ರ ನವೀಕರಣಗೊಳ್ಳುತ್ತದೆ. ಮೌಸ್ ಅಲುಗಾಡಿಸಿದಾಗ ಬಾಣದ ಗುರುತು ಎಡವಿ ನಡೆದಂತೆ ಕಾಣುವುದರ ಕಾರಣ ಇದೇ. 2013ರ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದ್ದರೆ ಸೆಕೆಂಡಿಗೆ 60 ಬಾರಿಯ ಸುಗಮ ಚಿತ್ರ ದೊರೆಯುತ್ತದೆ. ಹೊರನೋಟಕ್ಕೆ ಎಚ್‌ಡಿಎಂಐ 1.4 ಮತ್ತು 2.0 ದ್ವಾರಗಳೆರಡೂ ಒಂದೇ ರೂಪದಲ್ಲಿರುವುದರಿಂದ ಯಂತ್ರದ ಮಾದರಿ ಸಂಖ್ಯೆಯನ್ನು ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಇನ್ನೆರಡು ಅಂಶಗಳಲ್ಲಿ ಖರೀದಿದಾರರು ಮೋಸ ಹೋಗುವುದುಂಟು. ಮೊದಲನೆಯದು, ಲ್ಯಾಪ್‌ಟಾಪಿನ ಎಲ್ಲ ಯುಎಸ್‌ಬಿ-ಸಿ ದ್ವಾರಗಳೂ ಚಿತ್ರವನ್ನು ಕಳುಹಿಸುವುದಿಲ್ಲ. ಕೆಲವು ಕೇವಲ ವಿದ್ಯುತ್ತಿಗೆ ಮತ್ತು ಕಡತ ವರ್ಗಾವಣೆಗೆ ಮೀಸಲು. ಎರಡನೆಯದು, ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾಧಾರಣ ಕೇಬಲ್ ಏಕಮುಖ ಸಂಚಾರದ ರಸ್ತೆಯಿದ್ದಂತೆ. ಗಣಕಯಂತ್ರದಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದು ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ಅದು ಕೆಲಸ ಮಾಡುತ್ತದೆ, ತಿರುಗುಮುರುಗಾದರೆ ಇಲ್ಲ.

ಹಂಚಿಕೊಳ್ಳುವ ಮೂರು ವಿಧಾನಗಳು

ಮೊದಲನೆಯ ವಿಧಾನದಲ್ಲಿ ಎರಡೂ ಯಂತ್ರಗಳನ್ನು ಮಾನಿಟರಿನ ಎರಡು ಬೇರೆ ಬೇರೆ ದ್ವಾರಗಳಿಗೆ ಜೋಡಿಸಿ, ಮಾನಿಟರಿನ ಗುಂಡಿಯನ್ನು ಒತ್ತಿ ಬೇಕಾದ ಯಂತ್ರವನ್ನು ಆರಿಸಲಾಗುತ್ತದೆ. ಹೆಚ್ಚುವರಿ ವೆಚ್ಚವಿಲ್ಲ. ಆದರೆ ಕೀಲಿಮಣೆಗಳೂ ಮೌಸ್‌ಗಳೂ ಎರಡೆರಡು ಇರಬೇಕಾಗುತ್ತದೆ. ದಿನಕ್ಕೆ ಒಂದೆರಡು ಬಾರಿ ಮಾತ್ರ ಬದಲಿಸುವವರಿಗೆ ಇದು ಸಾಕು.

ಎರಡನೆಯದು ಕೆವಿಎಂ ಸ್ವಿಚ್ ಎಂಬ ಪ್ರತ್ಯೇಕ ಪೆಟ್ಟಿಗೆ. ಕೀಲಿಮಣೆ, ಪರದೆ, ಮೌಸ್ ಮೂರನ್ನೂ ಇದು ಒಂದೇ ಗುಂಡಿಯಿಂದ ಒಂದು ಯಂತ್ರದಿಂದ ಮತ್ತೊಂದಕ್ಕೆ ಬದಲಾಯಿಸುತ್ತದೆ. ಈ ಪೆಟ್ಟಿಗೆಯೂ ಒಂದು ತೂಬೇ ಎಂಬುದನ್ನು ಮರೆಯಬಾರದು. ಅಗ್ಗದ ಪೆಟ್ಟಿಗೆ 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿಗೆ ಇಳಿಸಿಬಿಟ್ಟರೆ ಮಾನಿಟರಿಗೆ ತೆತ್ತ ಹೆಚ್ಚಿನ ಬೆಲೆ ವ್ಯರ್ಥ.

ಮೂರನೆಯದು ಕೆವಿಎಂ ಸೌಲಭ್ಯವನ್ನು ಒಡಲಲ್ಲೇ ಹೊಂದಿರುವ ಮಾನಿಟರ್. ಸಾಮಾನ್ಯವಾಗಿ ಲ್ಯಾಪ್‌ಟಾಪನ್ನು ಒಂದೇ ಯುಎಸ್‌ಬಿ-ಸಿ ಕೇಬಲಿನಿಂದಲೂ, ಡೆಸ್ಕ್‌ಟಾಪನ್ನು ಚಿತ್ರದ ಒಂದು ಕೇಬಲ್ ಹಾಗೂ ಯುಎಸ್‌ಬಿಯ ಇನ್ನೊಂದು ಕೇಬಲಿನಿಂದಲೂ ಜೋಡಿಸಲಾಗುತ್ತದೆ. ಇಲ್ಲಿ ಪರಿಶೀಲಿಸಬೇಕಾದುದು ಗಣಕಯಂತ್ರದ ಕಡೆಗೆ ಹೋಗುವ ಯುಎಸ್‌ಬಿ ದ್ವಾರಗಳು ಎರಡಿವೆಯೇ ಎಂಬುದನ್ನು. ಒಂದೇ ಇದ್ದರೆ ಅದು ಯುಎಸ್‌ಬಿ ಸಾಕೆಟ್‌ಗಳಿರುವ ಮಾನಿಟರ್ ಅಷ್ಟೇ, ಕೆವಿಎಂ ಅಲ್ಲ. ಲ್ಯಾಪ್‌ಟಾಪ್ ಈ ಕೇಬಲಿನಿಂದಲೇ ಚಾರ್ಜ್ ಆಗಬೇಕಿದ್ದರೆ ಅದಕ್ಕೆ ಬೇಕಾದ ವ್ಯಾಟ್‌ಗಳನ್ನು ಮಾನಿಟರ್ ಕೊಡುತ್ತದೆಯೇ ಎಂದೂ ನೋಡಬೇಕು. ಆಗ ಯುಪಿಎಸ್‌ನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ.

ಲೆಕ್ಕಪತ್ರದ ಸುರಕ್ಷತೆ

ಯಂತ್ರಗಳನ್ನು ಮಾರುವವರು ಸಾಮಾನ್ಯವಾಗಿ ಹೇಳದಿರುವ ಒಂದು ವಿಷಯವನ್ನು ಸದಸ್ಯ ಬಾಂಧವರ ಗಮನಕ್ಕೆ ತರಬೇಕಾಗಿದೆ. ಕೆವಿಎಂ ಗುಂಡಿ ಒತ್ತಿದಾಗ ಅದರ ಯುಎಸ್‌ಬಿ ದ್ವಾರಗಳಿಗೆ ಚುಚ್ಚಿದ ಉಪಕರಣಗಳೆಲ್ಲವೂ ಹಿಂದಿನ ಯಂತ್ರದಿಂದ ಕಳಚಿ ಮತ್ತೊಂದಕ್ಕೆ ಸೇರಿಕೊಳ್ಳುತ್ತವೆ. ಡಿಜಿಟಲ್ ಸಹಿಯ ಟೋಕನ್ನನ್ನು ಅಲ್ಲಿ ಚುಚ್ಚಿದ್ದರೆ, ಟೆಂಡರ್ ಸಲ್ಲಿಸುವ ಅಥವಾ 20ನೆಯ ತಾರೀಖಿನಂದು ಜಿ.ಎಸ್.ಟಿ.ಆರ್.-3ಬಿ ಸಲ್ಲಿಸುವ ನಡುವೆಯೇ ಸಹಿ ತಪ್ಪಿಹೋಗಬಹುದು. ಬ್ಯಾಕಪ್ ಬರೆಯುತ್ತಿರುವ ಪೆನ್‌ಡ್ರೈವ್ ನಡುವೆ ಕಳಚಿದರೆ ಕಡತವೇ ಕೆಡಬಹುದು. ಆದ್ದರಿಂದ ಸಹಿ ಟೋಕನ್ ಹಾಗೂ ಬ್ಯಾಕಪ್ ಸಾಧನಗಳನ್ನು ಸದಾ ಆಯಾ ಗಣಕಯಂತ್ರಕ್ಕೇ ನೇರವಾಗಿ ಜೋಡಿಸತಕ್ಕದ್ದು. ಕೀಲಿಮಣೆ ಮತ್ತು ಮೌಸ್ ಮಾತ್ರ ಹಂಚಿಕೆಯಲ್ಲಿರಲಿ.

ಇದಕ್ಕಿಂತಲೂ ಮುಖ್ಯವಾದ ಮಾತು ಇನ್ನೊಂದಿದೆ. ಅನೇಕ ಸಂಸ್ಥೆಗಳಲ್ಲಿ ಬ್ಯಾಂಕಿನ ಪಾವತಿಯನ್ನು ಲೆಕ್ಕಿಗರು ಒಂದು ಯಂತ್ರದಲ್ಲಿ ನಮೂದಿಸಿ, ಮಾಲೀಕರು ತಮ್ಮ ಯಂತ್ರದಲ್ಲಿ ಅನುಮೋದಿಸುವ ಪದ್ಧತಿಯಿದೆ. ಈ ಎರಡು ಯಂತ್ರಗಳನ್ನು ಒಂದೇ ಪರದೆ, ಒಂದೇ ಕೀಲಿಮಣೆಗೆ ಕಟ್ಟಿದರೆ, ಆ ಕುರ್ಚಿಯಲ್ಲಿ ಕುಳಿತ ಒಬ್ಬರಿಗೇ ಎರಡೂ ಯಂತ್ರಗಳು ಕೈಗೆಟಕುತ್ತವೆ. ಇಬ್ಬರ ಕಣ್ಣು ಹಾಯಬೇಕಾದ ಕಡೆ ಒಬ್ಬರದೇ ಹಾಯುತ್ತದೆ. ಮಾನಿಟರಿನಲ್ಲಿ ಉಳಿಸಿದ ಕೆಲವು ಸಾವಿರ ರೂಪಾಯಿಗಳು ಇಂತಹ ಆಂತರಿಕ ತಪಾಸಣೆಯ ನಷ್ಟಕ್ಕೆ ಸಮನಾಗಲಾರವು. ಒಬ್ಬರೇ ಬಳಸುವ ಎರಡು ಯಂತ್ರಗಳು ಪರದೆಯನ್ನು ಹಂಚಿಕೊಳ್ಳಲಿ. ಇಬ್ಬರ ಜವಾಬ್ದಾರಿಗಳು ಹಂಚಿಕೊಳ್ಳುವುದು ಬೇಡ.

ತೆರಿಗೆಯ ದೃಷ್ಟಿಯಿಂದ

2019ರ ಜನವರಿ 1ರಿಂದ 32 ಅಂಗುಲದವರೆಗಿನ ಮಾನಿಟರುಗಳಿಗೆ ಶೇ. 18 ಹಾಗೂ ಅದಕ್ಕೂ ದೊಡ್ಡವಕ್ಕೆ ಶೇ. 28 ಜಿ.ಎಸ್.ಟಿ. ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಮಾನಿಟರುಗಳ ದರವೂ ಶೇ. 18ಕ್ಕೆ ಇಳಿದಿದೆ. ಹಾಗಾಗಿ ಅಳತೆಯನ್ನು ತೆರಿಗೆಗಾಗಿ ಅಲ್ಲ, ಅಗತ್ಯಕ್ಕಾಗಿ ಆರಿಸಬಹುದು.

ತೆರಿಗೆ ಸೇರಿಸದ ಬೆಲೆ 25,000 ರೂಪಾಯಿ ಎಂದಿಟ್ಟುಕೊಳ್ಳೋಣ. ತೆರಿಗೆ 4,500, ಒಟ್ಟು 29,500 ರೂಪಾಯಿ. ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಾಗಿರುವ ಬಿಲ್ಲು ಪಡೆದು, ಅದು ಜಿ.ಎಸ್.ಟಿ.ಆರ್.-2ಬಿಯಲ್ಲಿ ಕಂಡುಬಂದಲ್ಲಿ, ತೆರಿಗೆಗೊಳಪಡುವ ವ್ಯವಹಾರಕ್ಕೆ ಬಳಸುವ ಮಾನಿಟರಿನ 4,500 ರೂಪಾಯಿಗಳನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನು ಮತ್ತೆ ಕೇಳುವಂತಿಲ್ಲ. ಸವಕಳಿ 25,000 ರೂಪಾಯಿಗಳ ಮೇಲೆ ಮಾತ್ರ.

ಪ್ರಿಂಟರ್, ಸ್ಕ್ಯಾನರ್ ಮುಂತಾದ ಪೂರಕ ಉಪಕರಣಗಳು ಗಣಕ ವ್ಯವಸ್ಥೆಯ ಅವಿಭಾಜ್ಯ ಅಂಗಗಳೆಂದು ದೆಹಲಿ ಉಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿದೆ. ಗಣಕಯಂತ್ರದೊಡನೆ ಬಳಸುವ ಮಾನಿಟರಿಗೂ ಗಣಕಯಂತ್ರದ ದರವಾದ ಶೇ. 40 ಸವಕಳಿಯನ್ನು ಪಡೆಯುವುದು ರೂಢಿ. ಮೊದಲ ವರ್ಷ 180 ದಿನಗಳಿಗಿಂತ ಕಡಿಮೆ ಅವಧಿ ಬಳಸಿದ್ದರೆ ಅದರ ಅರ್ಧ ಮಾತ್ರ. ನಮ್ಮ ಉದಾಹರಣೆಯಲ್ಲಿ 10,000ದ ಬದಲು 5,000 ರೂಪಾಯಿ. ಸಾಮಾನ್ಯ ವರ್ಷದಲ್ಲಿ ಅಕ್ಟೋಬರ್ 3ರೊಳಗೆ ಬಳಕೆಗೆ ತಂದರೆ ಪೂರ್ಣ ಸವಕಳಿ ದೊರೆಯುತ್ತದೆ. ಬೆಲೆಯನ್ನು ನಗದಾಗಿ ಕೊಡಬೇಡಿ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟು ಕೊಂಡ ಆಸ್ತಿಯ ಆ ವೆಚ್ಚವನ್ನು ಸವಕಳಿಗೆ ಪರಿಗಣಿಸಲಾಗುವುದಿಲ್ಲ.

ಖರೀದಿಗೆ ಹೊರಡುವ ಮುನ್ನ

ಒಂದು ಹಾಳೆಯಲ್ಲಿ ಎರಡು ಅಂಕಣಗಳನ್ನು ಮಾಡಿ, ಪ್ರತಿಯೊಂದು ಯಂತ್ರದ ಎದುರು ಕೆಳಗಿನ ವಿವರಗಳನ್ನು ಬರೆದುಕೊಳ್ಳಿ.

1. ಯಂತ್ರದ ಮಾದರಿ ಸಂಖ್ಯೆ ಹಾಗೂ ಅದರಲ್ಲಿರುವ ಚಿತ್ರ ದ್ವಾರಗಳು.
2. ಆ ದ್ವಾರವು ಸೆಕೆಂಡಿಗೆ 60 ಬಾರಿಯಂತೆ ಕೊಡಬಲ್ಲ ಅತಿ ಹೆಚ್ಚಿನ ಸ್ಪಷ್ಟತೆ.
3. ಅದರಲ್ಲಿ ಬಳಸುವ ಹಳೆಯ ತಂತ್ರಾಂಶಗಳು.
4. ಅದಕ್ಕೆ ಚುಚ್ಚುವ ಸಹಿ ಟೋಕನ್ ಮತ್ತಿತರ ಉಪಕರಣಗಳು.
5. ಅದನ್ನು ಯಾರು, ಯಾವ ಕೆಲಸಕ್ಕೆ ಬಳಸುತ್ತಾರೆ.

ಎರಡು ಅಂಕಣಗಳಿಗೂ ಒಪ್ಪುವ ಮಾನಿಟರೇ ನಮಗೆ ತಕ್ಕುದು. ಒಂದು ಯಂತ್ರ ಮುಂದಿನ ವರ್ಷ ಬದಲಾಗುವುದಿದ್ದರೆ ಮಾತ್ರ ಇಂದಿನ ಸಾಮರ್ಥ್ಯಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸಬಹುದು. ಸಾಧ್ಯವಾದರೆ ಲ್ಯಾಪ್‌ಟಾಪನ್ನು ಅಂಗಡಿಗೇ ಒಯ್ದು ಜೋಡಿಸಿ ನೋಡಿ. ಪರದೆಯಲ್ಲಿ ಒಂದೆರಡು ಬಿಂದುಗಳು ಸತ್ತಿದ್ದರೆ ಬದಲಿಸಿ ಕೊಡುವರೇ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಖಾತರಿ ಪತ್ರಗಳಲ್ಲಿ ಇದಕ್ಕೆ ವಿನಾಯಿತಿ ಇರುವುದುಂಟು. ಎತ್ತರ ಹೊಂದಿಸಬಲ್ಲ ಕಾಲುಳ್ಳದ್ದನ್ನೂ, ಬೆಳಕು ಪ್ರತಿಫಲಿಸದ ಮೇಲ್ಮೈಯದನ್ನೂ ಆರಿಸಿದರೆ ದಿನವಿಡೀ ಅದರೆದುರು ಕುಳಿತುಕೊಳ್ಳುವ ಲೆಕ್ಕಿಗರ ಕಣ್ಣು ಕತ್ತುಗಳಿಗೆ ಹಿತ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, ಕೈ ಚಾಚಿದಷ್ಟು ದೂರದಲ್ಲಿರಲಿ.

ದಾಸ್ತಾನು ನೋಡದೆ ಮಾಲು ತರಿಸುವ ವ್ಯಾಪಾರಿ ನಮ್ಮಲ್ಲಿ ಯಾರೂ ಇಲ್ಲ. ಮಾನಿಟರ್ ಕೊಳ್ಳುವಾಗಲೂ ಕೈಯಲ್ಲಿರುವ ಎರಡು ಯಂತ್ರಗಳ ದಾಸ್ತಾನನ್ನು ಮೊದಲು ತೆಗೆಯುವುದು ಕ್ಷೇಮ.