ಎರಡು ಮಾಡೆಲ್, ಒಂದೇ ಪಟ್ಟಿ

ಹಿಂಜವಡಿಯಿಂದ ಬರೆದವರೇ,

ಪುಣೆಯ ಕನ್ನಡ ಬಳಗದ ಜಾಲತಾಣದಲ್ಲಿ ಸುದ್ದಿ, ಕಾರ್ಯಕ್ರಮ ಎಂಬ ಎರಡು ಜಾಂಗೊ ಮಾಡೆಲ್‌ಗಳ ದಾಖಲೆಗಳನ್ನು ದಿನಾಂಕದ ಪ್ರಕಾರ ಒಂದೇ ಪಟ್ಟಿಯಲ್ಲಿ ತೋರಿಸಲು ಹೋಗಿ ಶನಿವಾರ, ಭಾನುವಾರ ಹಾಳಾಯಿತೆಂದಿದ್ದೀರಿ. ಪುಕ್ಕಟೆ ಸೇವೆ ಬೇರೆ!

ದಾಖಲೆಗಳು ನೂರಿನ್ನೂರೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಪೈಥಾನ್‌ನ ಚೈನ್‌ನಿಂದ ಜೋಡಿಸಿ, ಸಾರ್ಟೆಡ್‌ಗೆ ಕೊಟ್ಟುಬಿಡಿ. ಸಾವಿರಗಟ್ಟಲೆಯಿದ್ದು ಪುಟ ಪುಟವಾಗಿ ತೋರಿಸಬೇಕೆಂದರೆ ಕೆಲಸ ಡೇಟಾಬೇಸ್‌ಗೇ ಬಿಡಿ. 2017ರ ಜಾಂಗೊ 1.11ರಿಂದ ಯೂನಿಯನ್ ಇದೆ. ಎರಡೂ ಕ್ವೆರಿಗಳಲ್ಲಿ ವ್ಯಾಲ್ಯೂಸ್ ಬಳಸಿ. ಕಾಲಂಗಳ ಸಂಖ್ಯೆ, ಕ್ರಮ, ಟೈಪ್ ಹೊಂದಲೇಬೇಕು. ಯಾವ ಸಾಲು ಯಾವ ಮಾಡೆಲಿನದೆಂದು ತಿಳಿಯಲು ಆನೊಟೇಟ್‌ನಿಂದ ಒಂದು ಗುರುತು ಹಾಕಿ. ನಿಮ್ಮನ್ನು ಕಾಡಿದ್ದು ಬಹುಶಃ ಇದು: ಯೂನಿಯನ್ ಆದಮೇಲೆ ಫಿಲ್ಟರ್ ನಡೆಯುವುದಿಲ್ಲ. ಅದನ್ನು ಮೊದಲೇ ಮುಗಿಸಿ.

ಮಾಡೆಲ್‌ಗಳನ್ನೇ ಒಂದು ಮಾಡು ಎಂಬ ನಿಮ್ಮ ಗೆಳೆಯರ ಮಾತು ಸದ್ಯಕ್ಕೆ ಬೇಡ. ಒಂದು ಪುಟಕ್ಕಾಗಿ ಅಷ್ಟು ಮೈಗ್ರೇಶನ್ ದಂಡ.