ಹಡಗಿನಲ್ಲಿ ವಿ.ಆರ್. ಹೆಡ್‌ಸೆಟ್: ಕಣ್ಣು, ಕಿವಿ ಒಂದೇ ಮಾತು ಹೇಳಲಿ

ಪ್ರಶ್ನೆ: ನನಗೆ 34 ವರ್ಷ. ಸರಕು ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಾಂತಿಯಾಗುತ್ತಿತ್ತು. ಈಗ ಎಂಥ ಅಲೆಯಿದ್ದರೂ ಏನೂ ಆಗುವುದಿಲ್ಲ. ರಜೆಯಲ್ಲಿ ಬಂದಾಗ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಕೊಂಡೆ. ಮನೆಯಲ್ಲಿ ಗಂಟೆಗಟ್ಟಲೆ ಆಡಿದರೂ ತೊಂದರೆ ಇರಲಿಲ್ಲ. ಹಡಗಿನ ಕ್ಯಾಬಿನ್ನಿನಲ್ಲಿ ಹಾಕಿಕೊಂಡರೆ ಹತ್ತೇ ನಿಮಿಷಕ್ಕೆ ಆಕಳಿಕೆ, ತಣ್ಣನೆ ಬೆವರು, ಹೊಟ್ಟೆ ತೊಳಸುವುದು. ತಲೆ ಅಲ್ಲಾಡಿಸದಿದ್ದರೂ ಚಿತ್ರ ತಾನಾಗಿ ಒಂದು ಕಡೆಗೆ ಜಾರುತ್ತದೆ. ದೋಷ ನನ್ನ ಕಿವಿಯದೋ, ಹೆಡ್‌ಸೆಟ್ಟಿನದೋ?
– ಓದುಗರು, ಸುರತ್ಕಲ್

ಉತ್ತರ: ಎರಡೂ ಸರಿಯಾಗಿವೆ. ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತಿರುವುದರಿಂದಲೇ ಈ ತೊಂದರೆ.

ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ಗುರುತಿಸುತ್ತವೆ. ಪಕ್ಕದಲ್ಲೇ ಸುಣ್ಣದ ಸೂಕ್ಷ್ಮ ಹರಳುಗಳಿರುವ ಎರಡು ಪುಟ್ಟ ಚೀಲಗಳಿವೆ. ಮೇಲೇರುವುದು, ಕೆಳಗಿಳಿಯುವುದು, ವಾಲುವುದು ಅವಕ್ಕೆ ತಿಳಿಯುತ್ತದೆ. ಕಣ್ಣು ಕಂಡದ್ದನ್ನೂ ಪಾದ, ಕುತ್ತಿಗೆಯ ಸ್ನಾಯುಗಳು ಹೇಳಿದ್ದನ್ನೂ ಕಿವಿಯ ಈ ವರದಿಯೊಂದಿಗೆ ಮಿದುಳು ತಾಳೆ ನೋಡುತ್ತದೆ. ತಾಳೆಯಾಗದಿದ್ದಾಗ ವಾಕರಿಕೆ ಶುರು. ರೀಸನ್ ಮತ್ತು ಬ್ರ್ಯಾಂಡ್ ಎಂಬ ಸಂಶೋಧಕರು 1975ರಲ್ಲಿ ವಿಸ್ತಾರವಾಗಿ ಮಂಡಿಸಿದ ಈ ವಿವರಣೆಯನ್ನೇ ಇಂದಿಗೂ ಹೆಚ್ಚಿನವರು ಒಪ್ಪುತ್ತಾರೆ. ಎರಡೂ ಒಳಕಿವಿಗಳ ಸಮತೋಲನದ ಶಕ್ತಿ ಪೂರ್ತಿ ಹೋಗಿರುವವರಿಗೆ ಹಡಗಿನಲ್ಲಿ ವಾಂತಿಯೇ ಬರುವುದಿಲ್ಲ. ಹಾಗಾಗಿ ನಿಮ್ಮ ವಾಕರಿಕೆಯನ್ನು ಕಿವಿಯ ದೋಷವೆಂದು ಭಾವಿಸಬೇಕಿಲ್ಲ.

ಅಲುಗಾಟದಲ್ಲೂ ಬಗೆಗಳಿವೆ. ಸುಮಾರು ಐದು ಸೆಕೆಂಡಿಗೊಮ್ಮೆ, ಅಂದರೆ 0.2 ಹರ್ಟ್ಸ್ ಆಸುಪಾಸಿನಲ್ಲಿ, ನಿಧಾನವಾಗಿ ಎತ್ತಿ ಇಳಿಸುವ ಚಲನೆಗೆ ಹೊಟ್ಟೆ ತೊಳಸುವುದು ಹೆಚ್ಚು. ಹೊಂಡದ ರಸ್ತೆಯಲ್ಲಿ ಬೈಕು ಎಷ್ಟು ಕುಲುಕಿದರೂ ವಾಂತಿ ಬಾರದು. ಆ ಕುಲುಕಾಟ ಇದಕ್ಕಿಂತ ಬಹಳ ಚುರುಕು. ಹಡಗಿನ ಓಲಾಟವಾದರೋ ಈ ಕೆಟ್ಟ ವೇಗದ ಹತ್ತಿರವೇ ಸುಳಿಯುತ್ತಿರುತ್ತದೆ.

ಪಳಗಿದವರಾದ ನಿಮಗೂ ಹೀಗೇಕೆ? ಕ್ಯಾಬಿನ್ ನಿಂತಂತೆ ಕಾಣುತ್ತದೆ, ಕಿವಿಗೆ ಅಲೆ ಗೊತ್ತಾಗುತ್ತದೆ: ಈ ಜೋಡಿಯನ್ನು ನಿಮ್ಮ ಮಿದುಳು ಇಷ್ಟು ವರ್ಷಗಳಲ್ಲಿ ಒಪ್ಪಿಕೊಂಡಿದೆ. ಹೆಡ್‌ಸೆಟ್ ಹಾಕಿದೊಡನೆ ಜೋಡಿ ಬದಲಾಯಿತು. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಹೊರಟಿತೆಂದು ಅನ್ನಿಸುತ್ತದಲ್ಲ, ವಿ.ಆರ್. ಆಟಗಳು ಕಣ್ಣಿಗೆ ಕೊಡುವುದು ಆ ಭ್ರಮೆಯನ್ನೇ. ಕಣ್ಣಿಗೆ ಕಾರು ಎಡಕ್ಕೆ ತಿರುಗುತ್ತಿದೆ, ಕಿವಿಗೆ ಹಡಗು ಬಲಕ್ಕೆ ವಾಲುತ್ತಿದೆ. ಮನೆಯಲ್ಲಿ ಮಿದುಳು ಒಂದು ಸುಳ್ಳನ್ನಷ್ಟೇ ಸಹಿಸಬೇಕಿತ್ತು. ಇಲ್ಲಿ ಆ ಸುಳ್ಳಿನ ಮೇಲೆ ಒಂದು ನಿಜವೂ ಬಂದು ಬಡಿಯುತ್ತಿದೆ.

ಚಿತ್ರ ಜಾರುವುದಕ್ಕೂ ಇಂಥದೇ ಕಾರಣ. ಹೆಡ್‌ಸೆಟ್ಟಿನ ಕ್ಯಾಮೆರಾಗಳು ಕ್ಯಾಬಿನ್ನಿನ ಗೋಡೆ, ಮೇಜು, ಬಾಗಿಲು ನೋಡಿ ನಿಮ್ಮ ತಲೆ ಎಲ್ಲಿದೆಯೆಂದು ಲೆಕ್ಕ ಹಾಕುತ್ತವೆ. ಗೋಡೆಯೂ ಹಡಗಿನ ಜತೆಗೇ ವಾಲುವುದರಿಂದ ಅವುಗಳ ಪಾಲಿಗೆ ಎಲ್ಲವೂ ನಿಶ್ಚಲ. ಒಳಗಿರುವ ಗೈರೋಸ್ಕೋಪ್ ಮತ್ತು ಆ್ಯಕ್ಸಿಲರೋಮೀಟರ್ ಮಾತ್ರ ಹಡಗಿನ ಓಲಾಟವನ್ನು ನಿಮ್ಮ ತಲೆಯ ಚಲನೆಯೆಂದು ತಿಳಿಯುತ್ತವೆ. ಎರಡು ವರದಿಗಳ ನಡುವೆ ಸಿಕ್ಕಿಬಿದ್ದ ಸಾಫ್ಟ್‌ವೇರ್ ಚಿತ್ರವನ್ನು ಜಾರಿಸುತ್ತದೆ. ನಿಮ್ಮ ತಲೆಯೊಳಗೆ ನಡೆಯುವ ಜಗಳವೇ ಯಂತ್ರದೊಳಗೂ ನಡೆಯುತ್ತಿದೆ! ಮೆಟಾ ಕ್ವೆಸ್ಟ್, ಆ್ಯಪಲ್ ವಿಷನ್ ಪ್ರೋ ಎರಡಕ್ಕೂ 2024ರಲ್ಲಿ ‘ಟ್ರಾವೆಲ್ ಮೋಡ್’ ಬಂತು, ಆದರೆ ಅದು ಬಂದದ್ದು ವಿಮಾನ ಪ್ರಯಾಣವನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರಿಂದ ಜಾರುವಿಕೆ ತಗ್ಗಿದರೂ ಯಂತ್ರದ ಜಗಳವಷ್ಟೇ ತೀರುತ್ತದೆ. ನಿಮ್ಮ ಕಿವಿಗೆ ಅಲೆ ತಪ್ಪುವುದಿಲ್ಲ.

ಪ್ರಶ್ನೆ: ಹಾಗಾದರೆ ಹಡಗಿನಲ್ಲಿ ಬಳಸಲೇಬಾರದೇ? ತಿಂಗಳುಗಟ್ಟಲೆ ಮನೆಯಿಂದ ದೂರವಿರುವವರಿಗೆ ಬೇರೆ ಮನರಂಜನೆ ಏನಿದೆ ಡಾಕ್ಟ್ರೇ?
– ಅದೇ ಓದುಗರು

ಉತ್ತರ: ಬಳಸಬಹುದು. ಸಮಯ, ಜಾಗ, ನೋಡುವ ವಸ್ತು ಮೂರನ್ನೂ ಆರಿಸಿಕೊಳ್ಳಿ.

ಹಡಗು ಬಂದರಿನ ಧಕ್ಕೆಗೆ ಕಟ್ಟಿಕೊಂಡಿರುವಾಗ ಹೆಚ್ಚು ಸಲೀಸು. ಹೊರಗೆ ಲಂಗರು ಹಾಕಿ ನಿಂತಿದ್ದರೆ ನಂಬಬೇಡಿ; ದೂರದಿಂದ ಬರುವ ಉದ್ದನೆಯ ಅಲೆಗಳಿಗೆ (ಸ್ವೆಲ್) ನಿಂತ ಹಡಗೂ ಚೆನ್ನಾಗಿಯೇ ಓಲಾಡುತ್ತದೆ. ಮಳೆಗಾಲದ ಅರಬ್ಬೀ ಸಮುದ್ರದಲ್ಲಂತೂ ಹೆಡ್‌ಸೆಟ್ ಪೆಟ್ಟಿಗೆಯಲ್ಲೇ ಇರಲಿ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ ಏರಿಳಿತ ಕಡಿಮೆ. ತಲೆಗೆ ಆಸರೆಯಿರುವ ಕುರ್ಚಿಯಲ್ಲಿ ಒರಗಿ ಕುಳಿತೇ ಬಳಸಿ. ಎದ್ದುನಿಂತು ಆಡುವ ಆಟ ಬೇಡವೇ ಬೇಡ: ಕಣ್ಣು ಮುಚ್ಚಿದವನ ಕಾಲ ಕೆಳಗೆ ನೆಲ ವಾಲಿದರೆ ಮೇಜಿನ ಮೂಲೆಗೆ ಹಣೆ ಬಡಿಯುತ್ತದೆ.

ಏನು ನೋಡುತ್ತೀರಿ ಎಂಬುದೇ ಎಲ್ಲಕ್ಕಿಂತ ಮುಖ್ಯ. ಒಂದೇ ಕಡೆ ನಿಂತಿರುವ ದೊಡ್ಡ ಪರದೆಯಲ್ಲಿ ಸಿನಿಮಾ, ಕೂತಲ್ಲೇ ಆಡುವ ಚೆಸ್ ಇವು ಸೌಮ್ಯ. ಕಾರ್ ರೇಸ್, ರೋಲರ್ ಕೋಸ್ಟರ್, ವಿಮಾನ ಹಾರಿಸುವ ಆಟಗಳು ಕೆಟ್ಟವು. ಐದು ನಿಮಿಷದಿಂದ ಶುರುಮಾಡಿ. ಆಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು, ಮಂಕು: ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ತೆಗೆಯಿರಿ. ‘ಇನ್ನೊಂದು ಲೆವೆಲ್ ಮುಗಿಸಿಬಿಡುತ್ತೇನೆ’ ಎಂದು ಹಟ ಹಿಡಿದರೆ ಹತ್ತು ನಿಮಿಷದಲ್ಲಿ ಇಳಿಯಬೇಕಾದದ್ದು ಅರ್ಧ ದಿನ ಕಾಡುತ್ತದೆ. ತೆಗೆದ ಮೇಲೆ ಡೆಕ್‌ಗೆ ಹೋಗಿ ನೀರು, ಆಕಾಶ ಕೂಡುವ ಗೆರೆಯನ್ನು ನೋಡಿ. ಅದು ಆಗದಿದ್ದರೆ ಕಣ್ಣು ಮುಚ್ಚಿ ಮಲಗಿ. ಕ್ಯಾಬಿನ್ನಿನಲ್ಲಿ ಮೊಬೈಲ್ ತಿಕ್ಕುತ್ತಾ ಕೂರಬೇಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಹೆಡ್‌ಸೆಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕಣ್ಣು–ಕೈ ಹೊಂದಾಣಿಕೆ, ಸಮತೋಲನ ಪೂರ್ತಿ ಸರಿಯಿರುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ವಾಕರಿಕೆ ಬಂದ ಪೈಲಟ್‌ಗಳಿಗೆ ಅಂದು ವಿಮಾನ ಹಾರಿಸಬೇಡಿ ಎಂದು ಹೇಳುವುದುಂಟು. ನೀವೂ ಅಷ್ಟೇ: ವಾಚ್‌ಗೆ (ಹಡಗಿನ ಪಾಳಿ ಕೆಲಸಕ್ಕೆ) ಮುಂಚೆ ಬೇಡ, ವಾಚ್ ಮುಗಿಸಿ ಬಳಸಿ. ಅಂತರರಾಷ್ಟ್ರೀಯ ನಿಯಮ ನಾವಿಕರಿಗೆ 24 ಗಂಟೆಯಲ್ಲಿ ಕೊಡಿಸುವ ಕನಿಷ್ಠ 10 ಗಂಟೆ ವಿಶ್ರಾಂತಿ ಮೊದಲು ನಿದ್ದೆಗೆ ಸಲ್ಲಲಿ.

ಪ್ರಶ್ನೆ: ಮಕ್ಕಳ ರಜೆಗೆ ಮುಂಬೈಯಿಂದ ಗೋವಾಕ್ಕೆ ಕ್ರೂಸ್‌ನಲ್ಲಿ ಹೋಗುತ್ತಿದ್ದೇವೆ. ಒಂಬತ್ತು ವರ್ಷದ ಮಗ ಅಣ್ಣನ ವಿ.ಆರ್. ಹೆಡ್‌ಸೆಟ್ ತರುತ್ತೇನೆಂದು ಹಟ ಹಿಡಿದಿದ್ದಾನೆ. ಘಾಟಿ ರಸ್ತೆಯಲ್ಲಿ ಅವನಿಗೆ ವಾಂತಿಯಾಗುತ್ತದೆ. ಕೊಡಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡಮ್ಮ, ಮನೆಯಲ್ಲೇ ಬಿಟ್ಟುಬನ್ನಿ. ಪ್ರಯಾಣದ ವಾಂತಿ ಎರಡು ವರ್ಷದೊಳಗಿನ ಕೂಸುಗಳಿಗೆ ಅಪರೂಪ. ಆಮೇಲೆ ಹೆಚ್ಚುತ್ತಾ ಹೋಗಿ ಒಂಬತ್ತು–ಹತ್ತರ ಹೊತ್ತಿಗೆ ತುತ್ತತುದಿಗೆ ಬರುತ್ತದೆ. ನಿಮ್ಮ ಮಗ ಸರಿಯಾಗಿ ಆ ವಯಸ್ಸಿನಲ್ಲಿದ್ದಾನೆ, ಘಾಟಿಯಲ್ಲಿ ಅದನ್ನು ತೋರಿಸಿಯೂ ಕೊಟ್ಟಿದ್ದಾನೆ. ತಯಾರಕರೂ ವಯಸ್ಸಿನ ಮಿತಿ ಹಾಕಿದ್ದಾರೆ: ಮೆಟಾ ಹತ್ತು, ಸೋನಿ ಹನ್ನೆರಡು, ಆ್ಯಪಲ್ ಹದಿಮೂರು. ದೊಡ್ಡವರ ಕಣ್ಣಿನ ಅಂತರಕ್ಕೆ ಮಾಡಿದ ಮಸೂರಗಳು ಚಿಕ್ಕ ಮುಖಕ್ಕೆ ಹೊಂದುವುದಿಲ್ಲ. ಯಂತ್ರದ ಭಾರಕ್ಕೆ ಕುತ್ತಿಗೆಯೂ ಬಳಲುತ್ತದೆ. ಅಪಸ್ಮಾರ ಇರುವ, ಮಿನುಗುವ ಬೆಳಕಿಗೆ ಫಿಟ್ಸ್ ಬಂದಿರುವ ಮಕ್ಕಳಿಗಂತೂ ವೈದ್ಯರನ್ನು ಕೇಳದೆ ನೆಲದ ಮೇಲೂ ಕೊಡಕೂಡದು.

ಹಡಗಿನಲ್ಲಿ ಅವನನ್ನು ಹೆಚ್ಚು ಹೊತ್ತು ಡೆಕ್ ಮೇಲೆ ಇರಿಸಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಇಡ್ಲಿ, ಮೊಸರನ್ನ ಸಾಕು. ವಾಂತಿಯಾದರೆ ಓ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸಿ. ಮಾತ್ರೆ ಬೇಕೆಂದರೆ ತೂಕ ನೋಡಿ ನಿಮ್ಮ ಮಕ್ಕಳ ವೈದ್ಯರೇ ಬರೆದುಕೊಡಲಿ.

ಪ್ರಶ್ನೆ: ಎಮೆಸೆಟ್ ಮಾತ್ರೆ ನುಂಗಿ ಹೆಡ್‌ಸೆಟ್ ಹಾಕಿಕೊಂಡರೆ ಆಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ಅವೊಮಿನ್, ಶುಂಠಿ, ಕೈಪಟ್ಟಿ ಎಲ್ಲದರ ಬಗ್ಗೆಯೂ ಕೇಳಿದ್ದೇನೆ. ಯಾವುದು ಸರಿ?
– ಓದುಗರು, ಕಾರವಾರ

ಉತ್ತರ: ಎಮೆಸೆಟ್‌ನಲ್ಲಿರುವುದು ಒಂಡಾನ್ಸೆಟ್ರಾನ್. ಕ್ಯಾನ್ಸರ್ ಔಷಧಿಯ ವಾಂತಿಗೆ, ಶಸ್ತ್ರಚಿಕಿತ್ಸೆಯ ನಂತರದ ವಾಂತಿಗೆ ಒಳ್ಳೆಯ ಮದ್ದು. ಒಳಕಿವಿಯಿಂದ ಹೊರಡುವ ವಾಕರಿಕೆಯ ದಾರಿ ಬೇರೆ, ಅಲ್ಲಿ ಇದರ ಆಟ ಅಷ್ಟಾಗಿ ನಡೆಯದು. ಹೊಟ್ಟೆನೋವಿಗೆ ಕೊಡುವ ಬಸ್ಕೋಪಾನ್‌ನಲ್ಲೂ ಒಂದು ಬಗೆಯ ಹಯೊಸಿನ್ ಇದೆ, ಆದರೆ ಅದು ಮಿದುಳಿಗೆ ತಲುಪದು. ಕಿವಿಯ ಹಿಂದೆ ಅಂಟಿಸುವ ಹಯೊಸಿನ್ ಪ್ಯಾಚ್‌ಗೂ ಅದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಪ್ಯಾಚನ್ನು ಪ್ರಯಾಣಕ್ಕೆ ನಾಲ್ಕು ಗಂಟೆ ಮುಂಚೆ ಹಾಕಬೇಕು, ಮೂರು ದಿನ ಕೆಲಸ ಮಾಡುತ್ತದೆ. ಮುಟ್ಟಿದ ಕೈಯಿಂದ ಕಣ್ಣು ಉಜ್ಜಿದರೆ ದೃಷ್ಟಿ ಮಂಜಾಗುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಕಬಾರದು.

ಅವೊಮಿನ್‌ನ ಪ್ರೊಮೆಥಜಿನ್, ಸ್ಟುಜೆರಾನ್‌ನ ಸಿನ್ನರಿಜಿನ್ ಪ್ರಯಾಣದ ವಾಂತಿಗೆ ಒದಗುತ್ತವೆ. ವಾಕರಿಕೆ ಶುರುವಾಗುವ ಮುಂಚೆಯೇ ನುಂಗಿರಬೇಕು. ಇವು ನಿದ್ದೆ ಬರಿಸುತ್ತವೆ. ಹಡಗಿನಲ್ಲಿ ಕೆಲಸ ಮಾಡುವವರು ಮಾತ್ರೆ ನುಂಗಿ ಬ್ರಿಜ್ ಮೇಲೋ ಎಂಜಿನ್ ರೂಮಿನಲ್ಲೋ ನಿಲ್ಲುವುದು ಅಪಾಯ. ಮದ್ಯದ ಜತೆಗಂತೂ ಸಲ್ಲದು. ಪಾರ್ಕಿನ್‌ಸನ್ ಇರುವವರಿಗೆ ಸಿನ್ನರಿಜಿನ್ ಬೇಡ. ಶುಂಠಿಯಿಂದ ಕೆಲವರಿಗೆ ಸ್ವಲ್ಪ ಹಿತವಾಗುತ್ತದೆ, ಕೈಪಟ್ಟಿಯ ಪುರಾವೆ ಗಟ್ಟಿಯಿಲ್ಲ. ಅನಿವಾರ್ಯ ಪ್ರಯಾಣಕ್ಕೆ ಮಾತ್ರೆ ಸರಿ. ಆಟ ಆಡುವುದಕ್ಕಾಗಿ ಮಾತ್ರೆ ನುಂಗುವುದು ಸರಿಯಲ್ಲ. ವಾಕರಿಕೆ ಬಂದರೆ ಆಟ ನಿಲ್ಲಿಸುವುದೇ ಚಿಕಿತ್ಸೆ.

ಪ್ರಶ್ನೆ: ಹೆಡ್‌ಸೆಟ್ಟಿನಿಂದಲೇ ಕಡಲಿನ ವಾಕರಿಕೆಯನ್ನು ತಪ್ಪಿಸಲಾಗದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಉಡುಪಿ

ಉತ್ತರ: ಒಳ್ಳೆಯ ಪ್ರಶ್ನೆ. ಹಡಗು ಎಷ್ಟು ವಾಲುತ್ತದೋ ಅಷ್ಟೇ ವಾಲಿ ಕಾಣುವ ದಿಗಂತವನ್ನು ಕಣ್ಣಿಗೆ ತೋರಿಸಿದರೆ ಕಿವಿಯ ವರದಿಗೆ ಕಣ್ಣಿನ ಸಾಕ್ಷಿ ಸಿಗುತ್ತದೆ. ಕೃತಕ ದಿಗಂತ ತೋರಿಸುವ ಪ್ರಯೋಗಗಳು ನಡೆದಿರುವುದು ಈ ಆಧಾರದ ಮೇಲೆಯೇ. ಆದರೆ ಅದಕ್ಕೆ ಹಡಗಿನ ಓಲಾಟವನ್ನು ಅಳೆಯುವ ಬೇರೆ ಸೆನ್ಸರ್ ಬೇಕು, ಚಿತ್ರ ತಡವಾಗದೆ ಅದನ್ನು ಹಿಂಬಾಲಿಸಬೇಕು. ತಡವಾದರೆ ಮದ್ದೇ ವಿಷ. ಅಂಗಡಿಯಲ್ಲಿ ಕೊಂಡ ಹೆಡ್‌ಸೆಟ್ಟಿನಲ್ಲಿ ಸಮುದ್ರದ ವಿಡಿಯೋ ಹಾಕಿಕೊಂಡರೆ ಈ ಲಾಭ ಬಾರದು: ವಿಡಿಯೋದ ಅಲೆಗೂ ನಿಮ್ಮ ಹಡಗಿನ ಅಲೆಗೂ ಸಂಬಂಧವಿಲ್ಲ.

ಪ್ರಶ್ನೆ: ನನಗೆ 46. ಕೊಚ್ಚಿಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೋಗಿಬಂದು ಎರಡು ತಿಂಗಳಾಯಿತು. ಮನೆಯಲ್ಲಿ ನಿಂತರೂ ಕೂತರೂ ತೂಗಿದಂತಾಗುತ್ತದೆ. ವಿಚಿತ್ರವೆಂದರೆ ಬಸ್ಸಿನಲ್ಲಿ ಕೂತರೆ ಸರಿಹೋಗುತ್ತದೆ. ವಿ.ಆರ್. ಚಿಕಿತ್ಸೆ ಇದೆಯಂತೆ, ಮನೆಯಲ್ಲೇ ಮಾಡಿಕೊಳ್ಳಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಹಡಗಿನಿಂದ ಇಳಿದವರಿಗೆ ನೆಲ ತೂಗುವುದು ಸಾಮಾನ್ಯ, ಹೆಚ್ಚಿನವರಿಗೆ ಎರಡು ದಿನದೊಳಗೆ ಹೋಗುತ್ತದೆ. ನಿಮ್ಮಂತೆ ತಿಂಗಳಿಗೂ ಮೀರಿದರೆ ‘ಮಾಲ್ ಡಿ ಡಿಬಾರ್ಕ್‌ಮೆಂಟ್’ ಎಂಬ ತೊಂದರೆಯನ್ನು ಶಂಕಿಸುತ್ತೇವೆ. ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ವಾಹನದಲ್ಲಿ ಕೂತಾಗ ಹಿತವೆನ್ನಿಸುವುದೇ ಇದರ ದೊಡ್ಡ ಸುಳಿವು. ಅಲೆಗೆ ಹೊಂದಿಕೊಂಡ ಮಿದುಳು ನೆಲಕ್ಕೆ ಮರಳಿ ಹೊಂದಿಕೊಂಡಿಲ್ಲ.

ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯರು 2014ರಲ್ಲಿ ಒಂದು ವಿಧಾನ ಪ್ರಕಟಿಸಿದರು: ರೋಗಿಯ ಸುತ್ತ ಪಟ್ಟೆಗಳು ಸರಿಯುತ್ತಿರುವಾಗ ತಲೆಯನ್ನು ನಿಗದಿತ ಲಯದಲ್ಲಿ ಅಕ್ಕಪಕ್ಕ ವಾಲಿಸುವುದು. ಬಹಳಷ್ಟು ಮಂದಿಗೆ ಗುಣ ಕಂಡಿತು. ನೀವು ಕೇಳಿದ ವಿ.ಆರ್. ಚಿಕಿತ್ಸೆಯಲ್ಲಿ ಈ ಪಟ್ಟೆಗಳನ್ನು ತೋರಿಸುವುದು ಹೆಡ್‌ಸೆಟ್. ಪಟ್ಟೆ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಎಂಬುದು ರೋಗಿಯಿಂದ ರೋಗಿಗೆ ಬೇರೆ. ದಿಕ್ಕು ತಪ್ಪಿದರೆ ತೂಗಾಟ ಹೆಚ್ಚಬಹುದು. ಆದ್ದರಿಂದ ಮನೆಯ ಪ್ರಯೋಗ ಬೇಡ. ಮೊದಲು ಕಿವಿ–ಮೂಗು–ಗಂಟಲು ತಜ್ಞರಿಂದ ಅಥವಾ ನರರೋಗ ತಜ್ಞರಿಂದ ತಪಾಸಣೆ ಆಗಲಿ. ತೂಗಾಟದ ಜತೆ ಒಂದು ಕಿವಿ ಕೇಳದಾಗುವುದು, ವಸ್ತು ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಕೈಕಾಲಿನ ಶಕ್ತಿ ಕುಂದುವುದು ಅಥವಾ ಹಿಂದೆಂದೂ ಕಾಣದ ತಲೆನೋವು ಬಂದರೆ ಹಡಗಿನ ನೆಪ ಹೇಳುತ್ತಾ ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.