ಪಾರಸಿಕ ಜನಪದ ಕಥೆಗಳಿಂದ ನಾವು ಕಲಿತ ಪಾಠ

ದೂರದೇಶದ ಕಥೆಗಳನ್ನು ಓದುವುದರಿಂದ ನಮಗೇನು ಪ್ರಯೋಜನವೆಂದು ವಿದ್ಯಾರ್ಥಿನಿಯರು ಕೇಳುವುದುಂಟು. ಶಿವಾಜಿನಗರದವರಾದ ನಮಗೆ ಪಾರಸಿಕ ದೇಶವು ಅಷ್ಟೇನೂ ದೂರವಲ್ಲ. ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತ ನಾವು ದಿನವೂ ಕೇಳುವ ಬಜಾರು, ದರ್ಜಿ, ರುಮಾಲು ಎಂಬ ಮಾತುಗಳು ಪಾರಸಿ ಭಾಷೆಯವು. ದಂಡಿನ ಪ್ರದೇಶದ ಅಲಿ ಆಸ್ಕರ್ ರಸ್ತೆಯು, ಶಿರಾಜ್ ನಗರದಿಂದ ಬಂದು ಇಲ್ಲಿ ನೆಲೆಸಿದ ಕುದುರೆ ವ್ಯಾಪಾರಿ ಆಗಾ ಅಲಿ ಆಸ್ಕರರ ಹೆಸರನ್ನು ಹೊತ್ತಿದೆ. 1926ರಿಂದ 1941ರ ವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಅವರ ಮೊಮ್ಮಗನೇ. ಮನುಷ್ಯರಂತೆ ಕಥೆಗಳೂ ಸಂಚರಿಸಿವೆ. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಿಸಿದ ಪಂಚತಂತ್ರವು ಅದಕ್ಕಿಂತ ಬಹು ಮುಂಚೆ, ಆರನೆಯ ಶತಮಾನದಲ್ಲಿಯೇ, ಅನೂಷಿರ್ವಾನ್ ದೊರೆಯ ಆಸ್ಥಾನದಲ್ಲಿ ಪಹಲವಿ ಭಾಷೆಯನ್ನು ಸೇರಿತ್ತು.

ಪಾರಸಿಕ ಮಕ್ಕಳಿಗೆಲ್ಲಾ ಪರಿಚಿತಳಾದ ಜಿರಳೆ ಚಿಕ್ಕಮ್ಮನು ಸಿಂಗರಿಸಿಕೊಂಡು ಬೀದಿಗೆ ಹೊರಡುವಳು. ತನ್ನನ್ನು ವರಿಸಬಂದ ಪ್ರತಿಯೊಬ್ಬನನ್ನೂ, "ನಮಗೆ ಜಗಳವಾದರೆ ನನ್ನನ್ನು ಯಾವುದರಿಂದ ಹೊಡೆಯುವೆ?" ಎಂದು ಕೇಳುವಳು. ಕಟುಕನು ಕತ್ತಿಯಿಂದ ಎನ್ನುವನು. ದಿನಸಿ ಅಂಗಡಿಯವನು ತೂಕದ ಕಲ್ಲಿನಿಂದ ಎನ್ನುವನು. ಇಲಿರಾಯನು ಮಾತ್ರ ತನ್ನ ಮೃದುವಾದ ಬಾಲದಿಂದ ಎನ್ನುವನು. ಆಕೆಯು ಇಲಿಯನ್ನೇ ವರಿಸುವಳು. ಇದನ್ನು ಕೇಳಿ ನಗದಿರುವ ಬಾಲಿಕೆಯಿಲ್ಲ. ಆದರೆ ಆಕೆಯು "ಹೊಡೆಯುವೆಯಾ?" ಎಂದು ಕೇಳಲೇ ಇಲ್ಲವೆಂಬುದನ್ನು ಗಮನಿಸತಕ್ಕದ್ದು. ವಿವಾಹಕ್ಕೆ ಮುಂಚೆ ಪ್ರಶ್ನಿಸುವ ಧೈರ್ಯವು ಆಕೆಗಿತ್ತು. ಹೊಡೆತವಿಲ್ಲದ ಮನೆಯ ಕಲ್ಪನೆಯು ಮಾತ್ರ ಇರಲಿಲ್ಲ. ನಮ್ಮ ದೇಶದಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯಿದೆಯು ಕತ್ತಿಗೆ ಹೇಗೋ ಹಾಗೆಯೇ ಬಾಲಕ್ಕೂ ಅವಕಾಶ ಕೊಡುವುದಿಲ್ಲ.

ಎರಡನೆಯದು ಸಹನೆಯ ಕಲ್ಲಿನ ಕಥೆ. ಒಬ್ಬ ಕನ್ಯೆಯು ಮೃತನಂತೆ ಮಲಗಿದ್ದ ರಾಜಕುಮಾರನ ಮೈಯಲ್ಲಿ ನಾಟಿದ್ದ ಸೂಜಿಗಳನ್ನು ಬಹುದಿನ ಕುಳಿತು ಒಂದೊಂದಾಗಿ ತೆಗೆದಳು. ಕಡೆಯ ಸೂಜಿಯನ್ನು ದಾಸಿಯೊಬ್ಬಳು ತೆಗೆದು, ಎಲ್ಲವನ್ನೂ ಮಾಡಿದವಳು ತಾನೇ ಎಂದು ರಾಣಿಯಾದಳು. ಕನ್ಯೆಯು ಸೇವಕಿಯಾದಳು. ರಾತ್ರಿಯಲ್ಲಿ ಆಕೆಯು ಸಹನೆಯ ಕಲ್ಲೊಂದನ್ನು ಮುಂದಿಟ್ಟುಕೊಂಡು ತನ್ನ ದುಃಖವನ್ನೆಲ್ಲಾ ಹೇಳಿಕೊಳ್ಳಲು, ತಾಳಲಾರದೆ ಆ ಕಲ್ಲೇ ಒಡೆದುಹೋಯಿತು. ಮರೆಯಲ್ಲಿ ನಿಂತು ಕೇಳಿದ ರಾಜಕುಮಾರನಿಗೆ ಆಗ ಸತ್ಯವು ತಿಳಿಯಿತು.

ಎ. ಕೆ. ರಾಮಾನುಜನ್‌ರವರು ಸಂಗ್ರಹಿಸಿದ ಕನ್ನಡ ಕಥೆಯೊಂದನ್ನು ಇದರೊಡನೆ ಓದಬೇಕು. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದವು. ಅವನ್ನು ಆಕೆ ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವೆರಡೂ ಹೊರಬಿದ್ದು, ಕೋಟಿನ ಮತ್ತು ಪಾದರಕ್ಷೆಗಳ ರೂಪ ತಾಳಿ ಬಾಗಿಲಲ್ಲಿ ಕುಳಿತು, ಗಂಡನ ಮನಸ್ಸಿನಲ್ಲಿ ಸಂಶಯ ಹುಟ್ಟಿಸಿದವು. ಮುಂದೆ ಅವನು ನಿಜವನ್ನು ತಿಳಿದು ಕೇಳಿದಾಗ, ಆಕೆಗೆ ಆ ಕಥೆಯೂ ಹಾಡೂ ಮರೆತೇಹೋಗಿದ್ದವು.

ಅಡಗಿಸಿಟ್ಟ ಮಾತು ಸುಮ್ಮನಿರದೆಂಬುದನ್ನು ಎರಡು ನಾಡಿನ ಅಜ್ಜಿಯರೂ ಅರಿತಿದ್ದರು. ಸಹನೆಯು ಸದ್ಗುಣವೆಂದು ನಾವು ಬೋಧಿಸುತ್ತೇವೆ, ಅದು ನಿಜವೇ. ಆದರೆ ಅನ್ಯಾಯವನ್ನು ಕಲ್ಲಿಗೆ ಮಾತ್ರ ಹೇಳಿಕೊಳ್ಳುವುದು ಸದ್ಗುಣವಲ್ಲ. ಓದು ನಿಲ್ಲಿಸುವರೆಂಬ ಭಯವಿರಲಿ, ಮನೆಯಲ್ಲಿ ಏಟಿನ ಸಂಕಟವಿರಲಿ, ಬಾಲಿಕೆಯು ನಂಬತಕ್ಕ ಹಿರಿಯರಿಗೆ ಬೇಗನೆ ಹೇಳಬೇಕು. ಉಪಾಧ್ಯಾಯಿನಿಯರಾದ ನಾವು ಪಾಠವನ್ನು ಬದಿಗಿಟ್ಟಾದರೂ ಕೇಳಬೇಕು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ನುಡಿಗಳುಂಟು. ಈ ರಜೆಯಲ್ಲಿ ನಿಮ್ಮ ಅಜ್ಜಿಯ ಬಳಿ ಕುಳಿತು ಒಂದು ಕಥೆಯನ್ನು ಕೇಳಿ, ಆಕೆಯು ಹೇಳಿದಂತೆಯೇ ಬರೆದು ತನ್ನಿರಿ. ಆಕೆಯು ಈವರೆಗೆ ಯಾರಿಗೂ ಹೇಳದ ಕಥೆಯಾದರೆ ಮತ್ತೂ ಉತ್ತಮ.